ವಾರಾಂತ್ಯದ ಅತಿಥಿ ಮತ್ತು ಸಣ್ಣ ಊರಿನ ವಾಣಿಜ್ಯ: ಮುದಗಲ್ಲಿಗೊಂದು ಪಾಠ

ಪಿ.ಯು.ಸಿ.ಗೆ ಸಮನಾದ ಶಿಕ್ಷಣವನ್ನು ಮುಗಿಸಿ, ವಿಶ್ವವಿದ್ಯಾನಿಲಯಕ್ಕೆ ಸೇರುವ ಮುನ್ನ ಒಂದು ವರ್ಷವನ್ನು ಪರದೇಶದಲ್ಲಿ ಕಳೆಯುವ ಪದ್ಧತಿ ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ರೂಢಿಯಲ್ಲಿದೆ. ಇದನ್ನು 'ಗ್ಯಾಪ್ ಇಯರ್' ಎನ್ನುತ್ತಾರೆ; ಕನ್ನಡದಲ್ಲಿ 'ವಿರಾಮ ವರ್ಷ' ಎನ್ನಬಹುದು. ಈ ಅವಧಿಯಲ್ಲಿ ವಿದ್ಯಾರ್ಥಿಯು ಯಾವುದಾದರೊಂದು ಊರಿನಲ್ಲಿ ನೆಲೆಸಿ, ಶಾಲೆಯಲ್ಲೋ ಸೇವಾ ಸಂಸ್ಥೆಯಲ್ಲೋ ಐದು ದಿನ ತೊಡಗಿಕೊಂಡು, ಶನಿವಾರ ಮತ್ತು ಭಾನುವಾರ ಸುತ್ತಮುತ್ತಲಿನ ಸ್ಥಳಗಳನ್ನು ನೋಡಲು ಹೊರಡುತ್ತಾನೆ. ವರ್ಷವೊಂದರಲ್ಲಿ ಇಂತಹ ವಾರಾಂತ್ಯಗಳು ಐವತ್ತಕ್ಕೂ ಹೆಚ್ಚು. ವಾಣಿಜ್ಯದ ದೃಷ್ಟಿಯಿಂದ ಗಮನಿಸಬೇಕಾದ ಅಂಶ ಇದುವೇ.

ಸಾಮಾನ್ಯ ವಿದೇಶಿ ಪ್ರವಾಸಿಯು ಹತ್ತು ದಿನಗಳಲ್ಲಿ ಹಂಪಿ, ಬಾದಾಮಿ, ವಿಜಯಪುರಗಳನ್ನು ಮುಗಿಸಿ ಮರಳುತ್ತಾನೆ. ಅವನಿಗೆ ಮುದಗಲ್ಲಿನಂತಹ ಊರನ್ನು ನೋಡಲು ಸಮಯವಿರುವುದಿಲ್ಲ. ವರ್ಷವಿಡೀ ನೆಲೆಸಿದವನು ಹಾಗಲ್ಲ. ಮೊದಲ ಎರಡು ತಿಂಗಳಲ್ಲಿ ಹೆಸರುವಾಸಿ ಸ್ಥಳಗಳನ್ನು ನೋಡಿದ ಮೇಲೆ, 'ಇನ್ನೇನಿದೆ?' ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವಾಗಬಲ್ಲ ಊರುಗಳಲ್ಲಿ ಮುದಗಲ್ ಒಂದು. ಆದರೆ ಉತ್ತರ ಕೊಡಲು ಊರಿನ ವ್ಯಾಪಾರಸ್ಥರು ಸಿದ್ಧರಿದ್ದಾರೆಯೇ ಎಂಬುದು ಈ ಲೇಖನದ ವಿಚಾರ.

ಹಳೆಯ ನಿದರ್ಶನಗಳು

ಪರದೇಶಿಯೊಬ್ಬನು ಇಲ್ಲಿ ನೆಲೆಸಿ ಸುತ್ತಲಿನ ಊರುಗಳನ್ನು ಸುತ್ತುವುದು ಈ ಸೀಮೆಗೆ ಹೊಸದಲ್ಲ. 15ನೆಯ ಶತಮಾನದ ಎಪ್ಪತ್ತರ ದಶಕದ ಆಸುಪಾಸಿನಲ್ಲಿ ರಷ್ಯಾದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್ ಬಹಮನಿ ರಾಜಧಾನಿ ಬೀದರಿನಲ್ಲಿ ಬೀಡುಬಿಟ್ಟು, ಅಲ್ಲಿಂದ ಆಳಂದದ ಜಾತ್ರೆಗೂ ಹೋಗಿಬಂದನು. ಜಾತ್ರೆಯಲ್ಲಿ ನಡೆಯುತ್ತಿದ್ದ ಕುದುರೆ ವ್ಯಾಪಾರದ ವಿವರ ಇಂದಿಗೂ ದೊರೆಯುವುದು ಅವನ ಬರವಣಿಗೆಯಿಂದಲೇ.

1808 ರಲ್ಲಿ ಲಿವರ್‌ಪೂಲ್‌ನಲ್ಲಿ ಜನಿಸಿದ ಫಿಲಿಪ್ ಮೆಡೋಸ್ ಟೇಲರ್ 1824 ರಲ್ಲಿ, ಇಂದಿನ ಹೈಸ್ಕೂಲು ವಿದ್ಯಾರ್ಥಿಯ ವಯಸ್ಸಿನಲ್ಲಿ, ಮುಂಬಯಿಗೆ ಬಂದಿಳಿದನು. ಮುಂದೆ ಸುರಪುರದಲ್ಲಿ ಅಧಿಕಾರಿಯಾಗಿದ್ದಾಗ ಕಚೇರಿ ಕೆಲಸದ ನಡುವಿನ ಬಿಡುವಿನಲ್ಲಿ ಸುತ್ತಲಿನ ಬೃಹತ್ ಶಿಲಾ ಸಮಾಧಿಗಳನ್ನು ಹುಡುಕಿ, ಅಳೆದು, ಚಿತ್ರ ಬರೆದು ಪ್ರಕಟಿಸಿದನು. ಮಸ್ಕಿಯ ಅಶೋಕ ಶಾಸನವನ್ನು 1915 ರಲ್ಲಿ ಕಂಡವನು ಚಿನ್ನದ ಜಾಡು ಅರಸುತ್ತಿದ್ದ ಗಣಿ ಇಂಜಿನಿಯರ್ ಬೀಡನ್. 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ 'ಅಶೋಕ' ಎಂಬ ಹೆಸರೂ ಇರುವ ಶಾಸನ ಜಗತ್ತಿಗೆ ಮೊದಲು ತಿಳಿದುಬಂದದ್ದು ಹೀಗೆ. ಊರಿನವರಿಗೆ ದಿನವೂ ಕಾಣುವ ಕಲ್ಲು ಹೊರಗಿನವನ ಕಣ್ಣಿಗೆ ಬಿದ್ದಾಗ ಅದರ ಬೆಲೆ ತಿಳಿಯುವುದುಂಟು.

ಒಂದು ಕೋಟೆ, ಒಂದು ಕೈಗಾರಿಕಾ ಊರು

ಯುವ ಪ್ರವಾಸಿಗಳನ್ನು ಬರಮಾಡಿಕೊಳ್ಳುವುದು ಹೇಗೆಂಬುದಕ್ಕೆ ಜರ್ಮನಿಯ ಆಲ್ಟೆನಾ ಎಂಬ ಸಣ್ಣ ಊರು ಉತ್ತಮ ಉದಾಹರಣೆ. ತಂತಿ ಎಳೆಯುವ ಕೈಗಾರಿಕೆಗೆ ಹೆಸರಾದ ಈ ಊರಿನ ಗುಡ್ಡದ ಮೇಲೊಂದು ಹಳೆಯ ಕೋಟೆಯಿದೆ. ಇಲ್ಲಿನ ಶಾಲಾ ಶಿಕ್ಷಕ ರಿಚರ್ಡ್ ಶಿರ್‌ಮನ್ 1909 ರಲ್ಲಿ ಮಕ್ಕಳೊಡನೆ ಕಾಲ್ನಡಿಗೆಯ ಪ್ರವಾಸದಲ್ಲಿದ್ದಾಗ ಗುಡುಗು ಮಳೆಗೆ ಸಿಕ್ಕಿ, ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಬರಿದಾಗಿರುವ ಶಾಲೆಗಳು ಯುವಕರಿಗೆ ತಂಗುದಾಣವೇಕಾಗಬಾರದು ಎಂದು ಅವರಿಗೆ ಆಗ ಹೊಳೆಯಿತು. 1912 ರಲ್ಲಿ ಆಲ್ಟೆನಾ ಕೋಟೆಯಲ್ಲಿಯೇ ಜಗತ್ತಿನ ಮೊದಲ ಶಾಶ್ವತ ಯುವ ವಸತಿಗೃಹ ಆರಂಭವಾಯಿತು. ಇಂದು ಜಗತ್ತಿನಾದ್ಯಂತ ಹರಡಿರುವ ಯೂತ್ ಹಾಸ್ಟೆಲ್ ಚಳವಳಿಯ ಮೂಲ ಇದು.

1972 ರಲ್ಲಿ ಯುರೋಪಿನ ರೈಲ್ವೆ ಸಂಸ್ಥೆಗಳು ಸೇರಿ 21 ವರ್ಷದವರೆಗಿನ ಯುವಜನರಿಗೆ 21 ದೇಶಗಳಲ್ಲಿ ಸಂಚರಿಸಲು 'ಇಂಟರ್‌ರೈಲ್' ಎಂಬ ಒಂದೇ ಟಿಕೆಟ್ಟನ್ನು ಜಾರಿಗೆ ತಂದವು. ಕೈಯಲ್ಲಿ ಕಡಿಮೆ ಹಣವಿರುವ ಗ್ರಾಹಕನೂ ಗ್ರಾಹಕನೇ ಎಂಬ ತಿಳಿವಳಿಕೆ ಈ ಎರಡೂ ಪ್ರಯತ್ನಗಳ ಹಿಂದಿದೆ. ಅಗ್ಗದ ಹಾಸಿಗೆ ಮತ್ತು ಅಗ್ಗದ ಟಿಕೆಟ್ಟಿನಿಂದ ಬಂದ ಯುವಕನೇ ಹದಿನೈದು ವರ್ಷಗಳ ನಂತರ ಕುಟುಂಬದೊಡನೆ ಮರಳಿ ಬರುವವನು.

ಮುದಗಲ್ಲಿನ ಬಂಡವಾಳ

ಲಿಂಗಸುಗೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿರುವ ಮುದಗಲ್, ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬದ ಪ್ರಮುಖ ಕೋಟೆ. ವಿಜಯನಗರ ಮತ್ತು ಬಹಮನಿ ಅರಸರು, ನಂತರ ಆದಿಲ್ ಶಾಹಿಗಳು ಈ ಕೋಟೆಗಾಗಿ ಮತ್ತೆ ಮತ್ತೆ ಕಾದಾಡಿದರು. 1406 ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳು ಕಾರಣಳೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಒಂದನೆಯ ದೇವರಾಯನ ಕೋರಿಕೆಯನ್ನು ಅವಳು ನಿರಾಕರಿಸಿದಳು. ಸೈನ್ಯ ಮುದಗಲ್ಲಿಗೆ ಬಂತು. ಫಿರೋಜ್ ಷಾ ಪ್ರತಿಯಾಗಿ ದಂಡೆತ್ತಿ ಹೋದನು. ಇದರಲ್ಲಿ ಕಥೆಯೆಷ್ಟು, ಚರಿತ್ರೆಯೆಷ್ಟು ಎಂಬ ಚರ್ಚೆ ಬೇರೆ. ಕೋಟೆಯ ಬಾಗಿಲಲ್ಲಿ ನಿಂತು ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಸಿಗಲಾರದು.

ಕಂದಕ, ಕಲ್ಲಿನ ಹೊರಗೋಡೆ, ಗುಡ್ಡದ ಮೇಲಿನ ಒಳಕೋಟೆ ಇವುಗಳಲ್ಲದೆ, ಗೋವಾದಿಂದ ಬಂದ ಪಾದ್ರಿಗಳ ಕಾಲಕ್ಕೆ ಸೇರಿದ ಪ್ರಾಚೀನ ಕ್ಯಾಥೊಲಿಕ್ ಸಮುದಾಯವೂ ಇಲ್ಲಿದೆ. ಹುಸೇನಿ ಆಲಂ ದರ್ಗಾದ ಮೊಹರಂಗೆ ಹಿಂದೂ ಮುಸ್ಲಿಮರೆನ್ನದೆ ಜನ ಸೇರುತ್ತಾರೆ. ಮಸ್ಕಿಯ ಶಾಸನ, ಹಟ್ಟಿಯ ಚಿನ್ನದ ಗಣಿಯ ಊರು, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಸೀರೆಗಳ ಇಳಕಲ್, ಇವೆಲ್ಲವೂ ಬಸ್ಸಿನಲ್ಲಿ ಹೋಗಿಬರುವಷ್ಟು ಸಮೀಪದಲ್ಲಿವೆ. ಎರಡು ದಿನಗಳನ್ನು ತುಂಬಲು ಇಷ್ಟು ಸಾಕು.

ಶನಿವಾರದಿಂದ ಭಾನುವಾರದವರೆಗೆ

ಹೊಸಪೇಟೆಯ ಕಡೆ ನೆಲೆಸಿರುವ ವಿದ್ಯಾರ್ಥಿನಿಯೊಬ್ಬಳು ಶನಿವಾರ ಮುಂಜಾನೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸು ಹಿಡಿದು ಮುದಗಲ್ಲಿಗೆ ಹೊರಡುವಳೆಂದು ಭಾವಿಸಬಹುದು. 2023 ರಲ್ಲಿ ಜಾರಿಯಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ನಿವಾಸಿಗಳಿಗೆ ಮಾತ್ರ. ಆದುದರಿಂದ ಅವಳು ಟಿಕೆಟ್ಟು ಕೊಳ್ಳುತ್ತಾಳೆ. ಬಸ್‌ನಿಲ್ದಾಣದಲ್ಲಿ ಇಳಿದಾಗ ಅವಳಿಗೆ ಬೇಕಾಗುವುದು ಐದು ಸಂಗತಿಗಳು: ಶುಚಿಯಾದ ಶೌಚಾಲಯ, ಕೋಟೆಯ ದಾರಿ ತಿಳಿಸುವ ಫಲಕ, ಚೀಲ ಇಟ್ಟುಕೊಳ್ಳುವ ನಂಬಿಕೆಯ ಸ್ಥಳ, ಊಟ, ಮತ್ತು ಭಯವಿಲ್ಲದೆ ಮಲಗಲು ಒಂದು ಕೋಣೆ. ಈ ಐದರಲ್ಲಿ ಒಂದು ಇಲ್ಲವಾದರೂ ಅವಳು ಸಂಜೆಯ ಬಸ್ಸಿಗೆ ಮರಳುತ್ತಾಳೆ; ಊರಿಗೆ ಉಳಿಯುವುದು ಒಂದು ಚಹಾ ಮತ್ತು ಒಂದು ನೀರಿನ ಬಾಟಲಿಯ ಹಣ.

ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಬಹುದು. ಉಳಿದುಕೊಂಡ ಅತಿಥಿಯು ಕೋಣೆಗೆ 800, ಊಟ ತಿಂಡಿಗೆ 500, ಮಾರ್ಗದರ್ಶಿಗೆ 300, ಆಟೋಗೆ 200, ಸಣ್ಣಪುಟ್ಟ ಖರೀದಿಗೆ 200, ಒಟ್ಟು 2,000 ರೂಪಾಯಿ ವೆಚ್ಚ ಮಾಡುವನೆಂದು ಇಟ್ಟುಕೊಂಡರೆ, ವರ್ಷದ 25 ವಾರಾಂತ್ಯಗಳಲ್ಲಿ ತಲಾ ನಾಲ್ವರಂತೆ ನೂರು ಅತಿಥಿಗಳಿಂದ 2,00,000 ರೂಪಾಯಿ ಊರಿಗೆ ಬರುತ್ತದೆ.

ಪಾಠದ ಮುಖ್ಯ ಭಾಗ ಇನ್ನು ಮುಂದಿದೆ. ಬಂದ ಹಣ ಊರಿನಲ್ಲಿ ಎಷ್ಟು ಸಲ ಕೈ ಬದಲಾಯಿಸುತ್ತದೆ ಎಂಬುದರ ಮೇಲೆ ಲಾಭ ನಿರ್ಧಾರವಾಗುತ್ತದೆ. ಖಾನಾವಳಿಯವರು ಜೋಳ, ಶೇಂಗಾ, ಹಾಲು, ಕಾಯಿಪಲ್ಲೆಯನ್ನು ಊರಿನಲ್ಲಿಯೇ ಕೊಂಡು, ಕೈಗೆ ಬಂದ ಪ್ರತಿ ರೂಪಾಯಿಯ ಅರ್ಧ ಸ್ಥಳೀಯವಾಗಿ ಮರುವೆಚ್ಚವಾದರೆ 2,00,000 ಕ್ಕೆ 1,00,000, ಅದಕ್ಕೆ 50,000, ಹೀಗೆ ಕೂಡುತ್ತ ಒಟ್ಟು ವಹಿವಾಟು 4,00,000 ರೂಪಾಯಿಯಷ್ಟಾಗುತ್ತದೆ. ಐದರಲ್ಲಿ ಒಂದು ಪಾಲು ಮಾತ್ರ ಊರಿನಲ್ಲಿ ಮರುವೆಚ್ಚವಾದರೆ ಒಟ್ಟು 2,50,000 ರೂಪಾಯಿಗೆ ನಿಲ್ಲುತ್ತದೆ. ಅತಿಥಿಗಳ ಸಂಖ್ಯೆ ಎರಡೂ ಕಡೆ ಒಂದೇ. ವ್ಯತ್ಯಾಸ 1,50,000 ರೂಪಾಯಿ. ಹೊರಗಿನಿಂದ ತಂದ ಬ್ರೆಡ್ಡು, ಜಾಮು ಕೊಡುವುದಕ್ಕಿಂತ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸುವುದು ಅತಿಥಿಗೂ ಹಿತ, ಊರಿಗೂ ಲಾಭ.

ಈ ಮೊತ್ತ ದೊಡ್ಡದಲ್ಲ. ಇದರಿಂದ ಊರಿನ ಚಹರೆ ಬದಲಾಗುವುದೆಂದು ಭ್ರಮಿಸಬಾರದು. ಆದರೆ ಬಿ.ಎ. ಮುಗಿಸಿ ಬೆಂಗಳೂರಿಗೆ ಹೊರಟಿರುವ ಒಬ್ಬಿಬ್ಬರು ಯುವಕರು ಊರಿನಲ್ಲಿಯೇ ಉಳಿಯಲು ಇದು ಆರಂಭದ ಆಧಾರವಾಗಬಹುದು.

ಕಾನೂನಿನ ತಿಳಿವಳಿಕೆ

ವಿದೇಶಿಯರಿಗೆ ವಸತಿ ಕೊಡುವವರು, ಅದು ಲಾಡ್ಜ್ ಆಗಿರಲಿ ಮನೆಯಾಗಿರಲಿ, ಅತಿಥಿ ಬಂದ 24 ಗಂಟೆಗಳೊಳಗೆ ವಿವರವನ್ನು ನೋಂದಣಿ ಅಧಿಕಾರಿಗೆ ಅಂತರ್ಜಾಲದ ಮೂಲಕ ಸಲ್ಲಿಸಬೇಕು. ವ್ಯಾಪಾರ ವಲಯದಲ್ಲಿ ಇದು 'ಫಾರಂ ಸಿ' ಎಂದೇ ಪರಿಚಿತ. 1946 ರ ವಿದೇಶಿಯರ ಕಾಯ್ದೆಯ ಸ್ಥಾನದಲ್ಲಿ 2025 ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಅದೇ ವರ್ಷದ ಸೆಪ್ಟೆಂಬರ್ 1 ರಿಂದ ಜಾರಿಗೆ ಬಂದಿದ್ದರೂ ಈ ಹೊಣೆ ಮುಂದುವರಿದಿದೆ. ಸಣ್ಣ ಊರಿನ ಅನೇಕ ಲಾಡ್ಜ್‌ಗಳು ವಿದೇಶಿಯರಿಗೆ ಕೋಣೆ ನಿರಾಕರಿಸುವುದಕ್ಕೆ ಈ ವಿಧಾನದ ಪರಿಚಯವಿಲ್ಲದಿರುವುದೂ ಒಂದು ಕಾರಣ. ಒಮ್ಮೆ ಕಲಿತವರಿಗೆ ಇದು ಕೆಲವೇ ನಿಮಿಷಗಳ ಕೆಲಸ.

ಪ್ರವಾಸಿ ವೀಸಾದ ಮೇಲೆ ಬಂದವರನ್ನು ಸಂಬಳ ಕೊಟ್ಟು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದವರಿಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಅಗತ್ಯವಿಲ್ಲ. ನೋಂದಾಯಿತ ಹೋಟೆಲುಗಳಲ್ಲಿ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025 ರ ಸೆಪ್ಟೆಂಬರ್ 22 ರಿಂದ ಹೂಡುವಳಿ ತೆರಿಗೆ ಜಮೆಯಿಲ್ಲದೆ ಶೇ. 5 ತೆರಿಗೆ ನಿಗದಿಯಾಗಿದೆ. ವಿದೇಶಿಯರಿಗಾಗಿ 2023 ರ ಜಿ-20 ಸಂದರ್ಭದಲ್ಲಿ 'ಯುಪಿಐ ಒನ್ ವರ್ಲ್ಡ್' ಸೌಲಭ್ಯ ಪರಿಚಯವಾಗಿದ್ದರೂ, ಎಲ್ಲರ ಬಳಿ ಅದು ಇರದು. ಚಿಲ್ಲರೆ ಇಟ್ಟುಕೊಂಡಿರುವುದು ಜಾಣತನ.

ಎರಡು ಎಚ್ಚರಿಕೆಗಳು

ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ಯುವ ಪ್ರವಾಸಿಗಳನ್ನೇ ನೆಚ್ಚಿ ರೆಸಾರ್ಟುಗಳು ಬೆಳೆದಿದ್ದವು. ಪಾರಂಪರಿಕ ಪ್ರದೇಶದ ನಿಯಮ ಮೀರಿದ ಕಟ್ಟಡಗಳ ತೆರವನ್ನು 2020 ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಅವು ನೆಲಸಮವಾದವು. ಹಾಕಿದ ಬಂಡವಾಳ ಮಣ್ಣುಪಾಲಾಯಿತು. ಮುದಗಲ್ಲಿನಲ್ಲಿ ಆಲ್ಟೆನಾದಂತೆ ಕೋಟೆಯೊಳಗೇ ವಸತಿ ಮಾಡಹೊರಡುವುದು ಸರಿಯಲ್ಲ. ಊರಿನಲ್ಲಿ ಬರಿದಾಗಿರುವ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಬಳಸುವುದೇ ಕ್ಷೇಮ.

ಎರಡನೆಯದು ಸುರಕ್ಷತೆ. 2025 ರ ಮಾರ್ಚ್ 6 ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಬಳಿ ವಿದೇಶಿ ಯುವತಿ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಜತೆಗಿದ್ದ ಪ್ರವಾಸಿಯೊಬ್ಬರು ಕಾಲುವೆಯಲ್ಲಿ ಪ್ರಾಣ ಕಳೆದುಕೊಂಡರು. ಇದು ಒಂದು ಊರಿನ ಅಪಕೀರ್ತಿಯಾಗಿ ಉಳಿಯುವುದಿಲ್ಲ, ಇಡೀ ಸೀಮೆಯನ್ನು ತಟ್ಟುತ್ತದೆ. ಮಗಳನ್ನು ಪರದೇಶಕ್ಕೆ ಕಳುಹಿಸಿದ ತಂದೆ ತಾಯಿ ಮೊದಲು ಕೇಳುವ ಪ್ರಶ್ನೆ ಕೋಟೆಯ ಕುರಿತದ್ದಲ್ಲ; ರಾತ್ರಿ ಅವಳು ಎಲ್ಲಿರುತ್ತಾಳೆ ಎಂಬುದು. ಆ ಪ್ರಶ್ನೆಗೆ ಮನೆತನದ ಹೆಸರಿಟ್ಟು ಉತ್ತರಿಸಬಲ್ಲ ನಾಲ್ಕು ಕುಟುಂಬಗಳು ಮುಂದೆ ಬಾರದಿದ್ದರೆ ಬೇರೆ ಯಾವ ಸೌಲಭ್ಯವೂ ಪ್ರಯೋಜನಕ್ಕೆ ಬಾರದು. ರೋಟರಿ ಸಂಸ್ಥೆಯ ಯುವ ವಿನಿಮಯ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳನ್ನು ಆತಿಥೇಯ ಕುಟುಂಬಗಳಲ್ಲಿ ಇರಿಸುವ ಪದ್ಧತಿಯೇ ಇದೆ. ಅದರ ಕ್ರಮಗಳು ಇಲ್ಲಿ ಮಾದರಿಯಾಗಬಲ್ಲವು.

ಮಾಡಬಹುದಾದ ಕೆಲಸಗಳು

1. ಪುರಸಭೆ ಮತ್ತು ವರ್ತಕರು ಸೇರಿ ಬಸ್‌ನಿಲ್ದಾಣದಿಂದ ಕೋಟೆಯವರೆಗೆ ಕನ್ನಡ ಹಾಗೂ ಇಂಗ್ಲಿಷ್ ಫಲಕಗಳನ್ನು ಹಾಕಿಸುವುದು.

2. ಕಾಲೇಜಿನ ನಾಲ್ಕೈದು ವಿದ್ಯಾರ್ಥಿಗಳಿಗೆ ಊರಿನ ಇತಿಹಾಸವನ್ನು ತಪ್ಪಿಲ್ಲದೆ ಹೇಳುವ ತರಬೇತಿ ಕೊಟ್ಟು, ದರವನ್ನು ಮೊದಲೇ ನಿಗದಿಪಡಿಸುವುದು.

3. ಎರಡು ಕೋಣೆಗಳಿಂದ ಆರಂಭಿಸಿ, ಬೇಡಿಕೆ ಕಂಡ ಮೇಲೆ ಮಾತ್ರ ಹೆಚ್ಚಿಸುವುದು. 2024–29 ರ ರಾಜ್ಯ ಪ್ರವಾಸೋದ್ಯಮ ನೀತಿಯಡಿ ದೊರೆಯುವ ನೆರವನ್ನು ಇಲಾಖೆಯಲ್ಲಿ ವಿಚಾರಿಸಿಯೇ ಸಾಲಕ್ಕೆ ಕೈಹಾಕುವುದು.

4. ಮೊಹರಂ ದಿನಗಳನ್ನು ಗಮನದಲ್ಲಿಡುವುದು. ಅದು ಪ್ರತಿವರ್ಷ ಸುಮಾರು 11 ದಿನ ಮುಂಚಿತವಾಗಿ ಬರುತ್ತದೆ. 2024 ರಲ್ಲಿ ಜುಲೈ 17, 2025 ರಲ್ಲಿ ಜುಲೈ 6 ಕೊನೆಯ ದಿನವಾಗಿತ್ತು. ಹಂಪಿಯಲ್ಲಿ ಪ್ರವಾಸಿಗಳು ವಿರಳವಾಗುವ ಕಾಲದಲ್ಲಿ ಮುದಗಲ್ಲಿಗೆ ಜನ ಬರುವರೆಂಬುದು ಅನುಕೂಲ. ಆದರೆ ಅದು ಭಕ್ತಿಯ ಆಚರಣೆ. ದರ್ಗಾದ ಹಿರಿಯರ ಒಪ್ಪಿಗೆಯಿಲ್ಲದೆ ಅದನ್ನು ಪ್ರದರ್ಶನದ ವಸ್ತು ಮಾಡಬಾರದು.

ಉಪಸಂಹಾರ

2023 ರಿಂದ ಭಾರತ ಮತ್ತು ಬ್ರಿಟನ್ ನಡುವೆ 18 ರಿಂದ 30 ವರ್ಷದ ಪದವೀಧರರಿಗಾಗಿ ವರ್ಷಕ್ಕೆ 3,000 ಸ್ಥಾನಗಳವರೆಗಿನ ಯೋಜನೆ ಜಾರಿಗೆ ಬಂತು. 2024 ರಲ್ಲಿ ಆಸ್ಟ್ರೇಲಿಯಾ ತನ್ನ 'ವರ್ಕ್ ಅಂಡ್ ಹಾಲಿಡೇ' ವೀಸಾದಲ್ಲಿ ಭಾರತೀಯರಿಗೆ 1,000 ಸ್ಥಾನಗಳನ್ನು ತೆರೆಯಿತು. ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಮಕ್ಕಳೂ ನಾಳೆ ಪರದೇಶದ ಯಾವುದೋ ಸಣ್ಣ ಊರಿನಲ್ಲಿ ಶನಿವಾರದ ಬಸ್ಸಿಗೆ ಕಾಯುವವರೇ. ಆ ಊರಿನ ಅಂಗಡಿಯವರು ಅವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಇಲ್ಲಿನ ತಂದೆ ತಾಯಿ ಬಯಸುವರೋ, ಮುದಗಲ್ಲಿಗೆ ಬರುವ ಪರದೇಶದ ಮಗುವನ್ನೂ ಇಲ್ಲಿನ ವರ್ತಕರು ಹಾಗೆಯೇ ನಡೆಸಿಕೊಳ್ಳುವುದು ಯೋಗ್ಯ. ಮನೆಯ ಬಾಗಿಲಿಗೆ ಬಂದವರನ್ನು ಉಪಚರಿಸುವ ಗುಣ ಈ ಸೀಮೆಯಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಶುಚಿ, ಲೆಕ್ಕ ಮತ್ತು ನಿಯಮಗಳ ಶಿಸ್ತು ಕೂಡಿದಾಗ ಅದೇ ವಾಣಿಜ್ಯವೂ ಆಗುತ್ತದೆ.