ಅಗ್ಗವೋ ಅಲ್ಲವೋ, ಮಳೆ ಹೇಳುತ್ತದೆ

ನವಿ ಮುಂಬಯಿಯ ಕೋಪರಖೈರಣೆಯಲ್ಲಿ ತೋಟ ಎಂದರೆ ಸಿಡ್ಕೋ ರೋ ಹೌಸಿನ ಟೆರೇಸು, ಇಲ್ಲವೇ ಕಿಟಕಿಯಿಂದ ಹೊರಕ್ಕೆ ಚಾಚಿದ ಕಬ್ಬಿಣದ ಗ್ರಿಲ್ಲು. ನೆಲವೇ ಇಲ್ಲದ ಮೇಲೆ ಮಣ್ಣನ್ನೂ ದುಡ್ಡು ಕೊಟ್ಟೇ ತರಬೇಕು, ಗೊಬ್ಬರವನ್ನೂ, ಕಡೆಗೆ ಎರೆಹುಳವನ್ನೂ. ಹಾಗಾಗಿ ಇಲ್ಲಿ ಗಿಡ ಸಾಕುವವರ ಒಂದು ಕಣ್ಣು ಯಾವಾಗಲೂ ಸೇಲಿನ ಮೇಲೆ. ಬೇಸಿಗೆಯಿಂದೀಚೆಗೆ ನಾನೂ ಕಡಿಮೆ ದುಡ್ಡಿಗೆ ಸಾಕಷ್ಟು ಸಾಮಾನು ತಂದೆ. ಅವುಗಳಲ್ಲಿ ಯಾವುದು ನಿಜಕ್ಕೂ ಅಗ್ಗ ಎಂದು ತೀರ್ಮಾನಿಸಿದ್ದು ಮಳೆ. ಜೂನ್ 11ರ ಆಸುಪಾಸಿಗೆ ಶುರುವಾಗಿ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರ ಜತೆಗೆ ಖಾಡಿ ಕಡೆಯ ಉಪ್ಪುಗಾಳಿ. ಇವೆರಡನ್ನು ತಡೆದುಕೊಳ್ಳದ ಸಾಮಾನಿನ ಮೇಲೆ ಎಷ್ಟು ಪರ್ಸೆಂಟ್ ರಿಯಾಯಿತಿ ಇದ್ದರೇನು?

ಮೊದಲು ಹತಾರದ ಮಾತು. ಫೋನಿನಲ್ಲಿ ಮುನ್ನೂರು ರೂಪಾಯಿಗೆ ಐದು ಸಾಮಾನಿನ ಸೆಟ್ ಸಿಗುತ್ತದೆ. ನೋಡಲು ಚೆಂದ, ಹಸಿರು ಹಿಡಿ. ಆದರೆ ಅದು ತಗಡು. ಗಟ್ಟಿಯಾದ ಮಣ್ಣಿಗೆ ಹಾಕಿ ಎತ್ತಿದರೆ ಕುತ್ತಿಗೆಯಲ್ಲೇ ಬಾಗುತ್ತದೆ. ಬಣ್ಣ ಎದ್ದ ಜಾಗದಲ್ಲಿ ತುಕ್ಕು ಹಿಡಿಯಲು ಇಲ್ಲಿನ ಜುಲೈ ಒಂದೇ ಸಾಕು. ಅದರ ಅರ್ಧ ಬೆಲೆಗೆ ರಸ್ತೆ ಬದಿಯ ಲೋಹಾರರ ಬಳಿ ಖುರ್ಪಿ ಸಿಗುತ್ತದೆ. ಫುಟ್‌ಪಾತಿನಲ್ಲೇ ಕುಲುಮೆ ಹೂಡಿ, ಹೆಂಗಸರು ಸುತ್ತಿಗೆ ಬೀಸಿ, ಹಳೆ ಲಾರಿಯ ಕಮಾನು ಪಟ್ಟಿಯನ್ನು ಬಡಿದು ಮಾಡಿದ್ದು. ಕೊಳ್ಳುವಾಗ ನಾನು ನೋಡುವುದು ಹಿಡಿಯ ಹಿಂಭಾಗವನ್ನು: ಕಬ್ಬಿಣದ ಬಾಲ ಮರವನ್ನು ಪೂರ್ತಿ ದಾಟಿ ಆಚೆ ಮಡಚಿರಬೇಕು. ಅರ್ಧಕ್ಕೇ ನಿಂತಿದ್ದರೆ ಮರ ಒಣಗಿದಾಗ ಕಳಚಿ ಕೈಗೆ ಬರುತ್ತದೆ. ಇದಕ್ಕೂ ತುಕ್ಕು ಹಿಡಿಯುತ್ತದೆ, ಸುಳ್ಳೇಕೆ. ಆದರೆ ಕಲ್ಲಿಗೆ ಉಜ್ಜಿ ಒಂದಿಷ್ಟು ತೆಂಗಿನೆಣ್ಣೆ ಸವರಿದರೆ ಮತ್ತೆ ಕೆಲಸಕ್ಕೆ ಸಿದ್ಧ.

ರೆಂಬೆ ಕತ್ತರಿಸುವ ಕಟರಿನಲ್ಲಿ ಮಾತ್ರ ಉಳಿತಾಯ ಹುಡುಕಬೇಡಿ. ನಡುವೆ ರಿವೆಟ್ ಹೊಡೆದದ್ದು ಸಡಿಲಾದರೆ ಅಲ್ಲಿಗೆ ಅದರ ಕತೆ ಮುಗಿಯಿತು. ಬೋಲ್ಟ್ ಇರುವುದನ್ನು ಬಿಚ್ಚಬಹುದು, ಸಾಣೆ ಹಿಡಿಯಬಹುದು, ಸ್ಪ್ರಿಂಗ್ ಬದಲಿಸಬಹುದು. ಮೊಂಡು ಕಟರ್ ದಾಸವಾಳದ ರೆಂಬೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಮಳೆಯಲ್ಲಿ ಜಜ್ಜಿದ ಜಾಗದಿಂದಲೇ ಕೊಳೆ ಇಳಿಯುತ್ತದೆ.

ಕುಂಡಗಳ ವಿಷಯದಲ್ಲಿ ನಮ್ಮೂರಿನಷ್ಟು ಅನುಕೂಲ ಬೇರೆಡೆ ಕಡಿಮೆ, ಏಕೆಂದರೆ ಪಕ್ಕದಲ್ಲೇ ವಾಶಿಯ ಎಪಿಎಂಸಿ ಸಗಟು ಮಾರುಕಟ್ಟೆ. ಮುಂಬಯಿ ನಗರದೊಳಗಿದ್ದ ಸಗಟು ಮಾರುಕಟ್ಟೆಗಳು 1980–90ರ ದಶಕಗಳಲ್ಲಿ ವಾಶಿಗೆ ಬಂದವು. ಅವುಗಳ ಜತೆ ಮೂಟೆ ಹೊರುವ ಮಾಥಾಡಿ ಕಾರ್ಮಿಕರ ಸಂಸಾರಗಳು ಕೋಪರಖೈರಣೆ, ಘಣಸೋಲಿಗೆ ಬಂದು ನೆಲೆಸಿದವು. ನಮ್ಮ ಗಲ್ಲಿಯಲ್ಲೂ ಸಾತಾರಾ ಕಡೆಯ ಒಬ್ಬ ಮಾಥಾಡಿ ಕಾಕಾ ಇದ್ದಾರೆ. ಮುರಿದ ಪ್ಲಾಸ್ಟಿಕ್ ಕ್ರೇಟು, ಹಣ್ಣಿನ ಥರ್ಮಾಕೋಲ್ ಪೆಟ್ಟಿಗೆ, ಈರುಳ್ಳಿ ಗೋಣಿ ಎಲ್ಲ ಮಾರುಕಟ್ಟೆಯಲ್ಲಿ ಚಹಾದ ದುಡ್ಡಿಗೆ ಸಿಗುತ್ತವೆ ಎಂದು ತೋರಿಸಿಕೊಟ್ಟವರು ಅವರೇ. ಕ್ರೇಟಿನೊಳಗೆ ಗೋಣಿ ಹಾಸಿ ಮಣ್ಣು ತುಂಬಿದರೆ ಹರಿವೆ, ಮೆಂತೆ, ಕೊತ್ತಂಬರಿಗೆ ಅದಕ್ಕಿಂತ ಒಳ್ಳೆಯ ಮಡಿ ಬೇಡ. ಗೋಣಿ ಒಂದು ಮಳೆಗಾಲದಲ್ಲಿ ಕೊಳೆತು ಅದೂ ಗೊಬ್ಬರವೇ ಆಗುತ್ತದೆ. ಥರ್ಮಾಕೋಲನ್ನು ನಾನು ಬಿಟ್ಟುಬಿಟ್ಟೆ. ಬಿಸಿಲಿಗೆ ಪುಡಿಯಾಗಿ ಬಿಳಿ ಕಾಳು ಇಡೀ ಗಲ್ಲಿಗೆ ಹಾರಿ, ಎದುರು ಮನೆಯವರ ಅಕ್ಕಿ ಹಪ್ಪಳದ ಮೇಲೂ ಕೂತಿತ್ತು.

ಕರಿಬೇವು, ನಿಂಬೆಯಂಥ ಆಳದ ಕುಂಡ ಬೇಡುವವಕ್ಕೆ ಪೇಂಟಿನ 20 ಲೀಟರ್ ಬಕೆಟ್. ತಳಕ್ಕೆ ತೂತು ಕೊರೆಯುವುದರ ಜತೆಗೆ ಬದಿಯಲ್ಲೂ ಎರಡು ಬೆರಳು ಮೇಲೆ ಕೊರೆಯಬೇಕು, ಟೆರೇಸಿಗೆ ಅಂಟಿ ಕೂತ ತಳದ ತೂತು ಮಳೆಯಲ್ಲಿ ನೀರು ಬಿಡುವುದಿಲ್ಲ. ಒದ್ದೆ ಮಣ್ಣು ತುಂಬಿದ ಇಂಥ ಬಕೆಟ್ ಹೆಚ್ಚುಕಡಿಮೆ 30 ಕಿಲೋ ತೂಗುತ್ತದೆ. ಅದನ್ನು ಗ್ರಿಲ್ಲಿನಲ್ಲಿ ಸಾಲಾಗಿ ಇಟ್ಟವರನ್ನು ಕಂಡರೆ ಆ ಕಿಟಕಿಯ ಕೆಳಗೆ ನಡೆಯಲು ನನಗೆ ಹೆದರಿಕೆ. ಗ್ರೋ ಬ್ಯಾಗ್ ಕೊಳ್ಳುವುದಾದರೆ ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದನ್ನು, ಕೇಳಿ. 220ಕ್ಕಿಂತ ಕಡಿಮೆಯದು, ಬಿಸಿಲು ತಡೆಯುವ ಯುವಿ ರಕ್ಷಣೆಯಿಲ್ಲದ್ದು, ಜಾಗ ಬದಲಿಸಲು ಎತ್ತಿದಾಗ ಕಿವಿ ಕಿತ್ತುಕೊಂಡು ಬರುತ್ತದೆ.

ಕೋಕೋಪೀಟ್‌ನಲ್ಲಿ ಅಗ್ಗ ಎಂಬುದು ಹೆಚ್ಚಾಗಿ ತೊಳೆಯದೇ ಬಿಟ್ಟ ಉಪ್ಪು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಸಹಜ; ಕಾರ್ಖಾನೆಯಲ್ಲಿ ತೊಳೆದು ಒಣಗಿಸಿ ಒತ್ತಿದ ಇಟ್ಟಿಗೆಗೆ ಬೆಲೆ ಹೆಚ್ಚು. ಎರಡು ಮೂರು ಸಲ ನೆನೆಸಿ ಹಿಂಡಿ ನೀರು ಚೆಲ್ಲುವ ತಾಳ್ಮೆ ಇದ್ದರೆ ಅಗ್ಗದ್ದೇ ತನ್ನಿ. ಮೇ ತಿಂಗಳ ನೀರಿನ ಕೊರತೆಯಲ್ಲಿ ಆ ಕೆಲಸಕ್ಕೆ ಕೈ ಹಾಕಬೇಡಿ. ಎರೆಗೊಬ್ಬರವನ್ನು ಕಿಲೋ ಲೆಕ್ಕದಲ್ಲಿ ಮಾರುವುದರಿಂದ ಒದ್ದೆ ಮಾಡಿ ತೂಗುವವರಿದ್ದಾರೆ. ಒಂದು ಹಿಡಿ ನೀರಿಗೆ ಹಾಕಿ ನೋಡಿ: ಮರಳು ತಳಕ್ಕೆ ಕೂತರೆ ಗೊಬ್ಬರಕ್ಕೆ ಕೊಟ್ಟ ದುಡ್ಡು ಮರಳಿಗೆ ಹೋಯಿತೆಂದೇ ಲೆಕ್ಕ.

ಗಿಡಗಳಿಗೆ ನನ್ನ ನರ್ಸರಿ ಭಾಜಿ ಮಾರ್ಕೆಟ್. ಮೇ ತಿಂಗಳಲ್ಲಿ ಮೊಳಕೆ ಕಣ್ಣಿರುವ ಅರ್ವಿ ಗೆಡ್ಡೆ ಅರ್ಧ ಕಿಲೋ ತಂದು ಹೂತರೆ ಆಷಾಢಕ್ಕೆ ಕೆಸುವಿನ ಎಲೆ. ತುರಿಕೆ ಕೊಂಚ ಜಾಸ್ತಿ, ಪತ್ರೊಡೆಗೆ ಹುಣಸೆಹುಳಿ ಕೈಬಿಚ್ಚಿ ಹಾಕಬೇಕು. ಮರಾಠಿಗರು ವಡಿಗೆಂದು ಬಳಸುವ ಕಪ್ಪು ದಂಟಿನದು ಬೇರು ಸಮೇತ ಸಿಕ್ಕರೆ ಅದೇ ಮೇಲು. ಸಂಕ್ರಾಂತಿ ಹೊತ್ತಿಗೆ ಬರುವ ಹಸಿ ಅರಿಶಿನವನ್ನು ಎತ್ತಿಟ್ಟು ನೆಟ್ಟರೆ ನಾಗರಪಂಚಮಿಯ ಕಡುಬಿಗೆ ಎಲೆ ಕೊಳ್ಳುವ ಪ್ರಶ್ನೆಯೇ ಇಲ್ಲ. ಅರ್ಧ ಬೆಲೆಯ ಗುಲಾಬಿಯನ್ನು ಮಾತ್ರ ಬಗ್ಗಿ ನೋಡಿ ಕೊಳ್ಳಿ. ಕಸಿಯ ಗಂಟಿನ ಮೇಲಿನದು ಸತ್ತು, ಕೆಳಗಿನ ಕಾಡು ಗುಲಾಬಿ ಹುಲುಸಾಗಿ ಚಿಗುರಿದ ಗಿಡವೇ ಎಷ್ಟೋ ಸಲ ರಿಯಾಯಿತಿಗೆ ಬಂದಿರುತ್ತದೆ. ಹಸಿರು ಕಂಡು ಮೋಸ ಹೋಗುವುದು ಸುಲಭ.

ಬೀಜಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್. ಅವರ ಆನ್‌ಲೈನ್ ಬೀಜ ಪೋರ್ಟಲ್‌ನಲ್ಲಿ ತರಿಸಿದ ಅರ್ಕಾ ಅನಾಮಿಕಾ ಬೆಂಡೆ, ಎಲೆ ಹಳದಿಯಾಗುವ ನಂಜು ರೋಗಕ್ಕೆ ಬಗ್ಗದ ತಳಿಯೆಂದೇ ಹೆಸರಾದದ್ದು, ನಮ್ಮ ಟೆರೇಸಿನಲ್ಲಿ ದಸರೆಯವರೆಗೂ ಕಾಯಿ ಕೊಟ್ಟಿತು. ಬಣ್ಣದ ಚಿತ್ರದ ಹತ್ತು ರೂಪಾಯಿ ಪೊಟ್ಟಣದಲ್ಲಿ ಮೊಳಕೆ ಪ್ರಮಾಣ, ಪರೀಕ್ಷೆಯ ದಿನಾಂಕ ಇಲ್ಲದಿದ್ದರೆ ಅದು ಚಿತ್ರದ ಬೆಲೆ.

ಮಲ್ಲಿಗೆಯ ಲೆಕ್ಕ ಇನ್ನೂ ತೀರ್ಮಾನವಾಗಿಲ್ಲ. ನರ್ಸರಿಯ ಭೈಯಾ ಯಾವುದನ್ನು ಕೇಳಿದರೂ ಮೊಗ್ರಾ ಕೊಟ್ಟು ‘ಇದೇ ಅದು’ ಎನ್ನುತ್ತಾನೆ. ಹಾಗಾಗಿ ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಯ ಕಡ್ಡಿಗಳನ್ನು ಅತ್ತಿಗೆ ಒದ್ದೆ ಗೋಣಿಯಲ್ಲಿ ಸುತ್ತಿ, ಮತ್ಸ್ಯಗಂಧ ರೈಲಿನಲ್ಲಿ ಬರುವವರ ಕೈಯಲ್ಲಿ ಪನ್ವೇಲಿಗೆ ಕಳಿಸಿದರು. ಕಡ್ಡಿಗೆ ಖರ್ಚಿಲ್ಲ, ಪನ್ವೇಲಿಗೆ ಹೋಗಿ ಬರುವ ರಿಕ್ಷಾ, ಲೋಕಲ್ ಮಾತ್ರ. ಬೇರು ಬಿಟ್ಟಿದೆ, ಎಲೆಯೂ ಇದೆ. ಮುಂದಿನ ಏಪ್ರಿಲ್ ಒಳಗೆ ಮೊಗ್ಗು ಕಾಣದಿದ್ದರೆ ಆ ಬಕೆಟ್ಟನ್ನು ಬೆಂಡೆಗೆ ಬಿಟ್ಟುಕೊಡುವುದೆಂದು ಮನೆಯಲ್ಲಿ ಮಾತಾಗಿದೆ.