ಉದ್ಯೋಗದಾತರು ಮನೋಮಾಪನ ಪರೀಕ್ಷೆ ನಡೆಸುವುದೇಕೆ?

ತರಗತಿ: 10
ಘಟಕ: ವೃತ್ತಿ ಮಾರ್ಗದರ್ಶನ
ಅವಧಿ: 40 ನಿಮಿಷ
ಸಂದರ್ಭ: ಆಳಂದ ತಾಲ್ಲೂಕಿನ ಸರಸಂಬಾದಂತಹ ಗಡಿಗ್ರಾಮದ ಕನ್ನಡ ಮಾಧ್ಯಮ ಶಾಲೆ

ಉದ್ದೇಶಗಳು: ಜ್ಞಾನ ಪರೀಕ್ಷೆಗೂ ಮನೋಮಾಪನ ಪರೀಕ್ಷೆಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಯು ಉದಾಹರಣೆಯೊಂದಿಗೆ ವಿವರಿಸುವನು, ಪರೀಕ್ಷೆಯ ಅಂಕ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಗುರುತಿಸುವನು.

ಪೀಠಿಕೆ: ಕಲಬುರಗಿ, ಶಹಾಬಾದ್, ವಾಡಿ ಮಾರ್ಗದ ರೈಲುಗಳನ್ನು ಮಕ್ಕಳು ನೋಡಿರುತ್ತಾರೆ. ಹೀಗೆ ಕೇಳಿ: "ವಿಜ್ಞಾನದಲ್ಲಿ ನೂರಕ್ಕೆ ನೂರು ಪಡೆದವರೆಲ್ಲ ಒಳ್ಳೆಯ ರೈಲು ಚಾಲಕರಾಗಬಲ್ಲರೇ?" ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ತೀರ್ಪು ಈಗಲೇ ಬೇಡ.

ಚಟುವಟಿಕೆ: ಪ, ಷ, ವ, ಫ ಅಕ್ಷರಗಳನ್ನು ಬೆರೆಸಿ ಬರೆದ ಹತ್ತು ಸಾಲುಗಳ ಹಾಳೆ ಕೊಡಿ. ಮೊದಲ ಸುತ್ತು: ಫ ಮುಂದೆ ಬಂದಿರುವ ಪ ಅಕ್ಷರಕ್ಕೆ ಮಾತ್ರ ಗೆರೆ ಎಳೆಯಬೇಕು. ಸಮಯ ಒಂದು ನಿಮಿಷ. ಈ ಅಕ್ಷರಗಳು ಎಲ್ಲರಿಗೂ ಗೊತ್ತು. ಆದರೂ ಫಲಿತಾಂಶ ಒಂದೇ ರೀತಿ ಬರುವುದಿಲ್ಲ. ಇಲ್ಲಿ ಅಳೆದದ್ದು ಜ್ಞಾನವನ್ನಲ್ಲ, ಏಕಾಗ್ರತೆಯನ್ನು.

ವಿಷಯ ನಿರೂಪಣೆ: ಅಂಕಪಟ್ಟಿ ಕಲಿತದ್ದನ್ನು ತೋರಿಸುತ್ತದೆ. ಸಂದರ್ಶನದಲ್ಲಿ ಮಾತು, ಉಡುಪು, ಮೊದಲ ನೋಟ ಪ್ರಭಾವ ಬೀರುತ್ತವೆ. ರಾತ್ರಿಯಿಡೀ ಸಿಗ್ನಲ್ ಗಮನಿಸುವ ಎಚ್ಚರ ಇವೆರಡರಲ್ಲೂ ಕಾಣುವುದಿಲ್ಲ. ಆದ್ದರಿಂದ ರೈಲ್ವೆಯು ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಗಣಕ ಆಧಾರಿತ ಅಭಿಕ್ಷಮತಾ ಪರೀಕ್ಷೆ ನಡೆಸುತ್ತದೆ. ಸ್ಮರಣೆ, ಸೂಚನಾ ಪಾಲನೆ, ಆಳದ ಗ್ರಹಿಕೆ, ಏಕಾಗ್ರತೆ, ಗ್ರಹಿಕೆಯ ವೇಗ ಇವುಗಳನ್ನು ಇಲ್ಲಿ ಅಳೆಯುತ್ತಾರೆ. 2018ರ ಅಧಿಸೂಚನೆಯಂತೆ ಪ್ರತಿಯೊಂದು ಭಾಗದಲ್ಲೂ ಕನಿಷ್ಠ 42 ಟಿ-ಅಂಕ ಬೇಕು. ಯಾವ ವರ್ಗಕ್ಕೂ ವಿನಾಯಿತಿ ಇಲ್ಲ. ಅಂತಿಮ ಪಟ್ಟಿಯಲ್ಲಿ ಇದಕ್ಕೆ ಶೇ. 30ರಷ್ಟು ತೂಕವಿದೆ.

42 ಟಿ-ಅಂಕವೆಂದರೆ 42 ಸರಿಯುತ್ತರಗಳಲ್ಲ. ಟಿ-ಅಂಕದಲ್ಲಿ ಗುಂಪಿನ ಸರಾಸರಿಯನ್ನು 50 ಎಂದೂ ಮಾನಕ ವಿಚಲನೆಯನ್ನು 10 ಎಂದೂ ಇಟ್ಟುಕೊಳ್ಳುತ್ತಾರೆ. ಅಭ್ಯರ್ಥಿಯು ಗುಂಪಿನಲ್ಲಿ ಎಲ್ಲಿ ನಿಂತಿದ್ದಾನೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಎರಡನೆಯ ಸುತ್ತು: ಅಷ್ಟೇ ಕಷ್ಟದ ಇನ್ನೊಂದು ನಿಯಮ ಕೊಡಿ, ಆದರೆ ಸೂಚನೆ ಇಂಗ್ಲಿಷಿನಲ್ಲಿ ಮಾತ್ರ ಇರಲಿ. ಸೂಚನೆ ತಿಳಿಯಲು ತಡವಾದವರ ಅಂಕ ಇಳಿಯುತ್ತದೆ. ಕೇಳಿ: "ಎರಡು ನಿಮಿಷದಲ್ಲಿ ನಿಮ್ಮ ಏಕಾಗ್ರತೆ ಕಡಿಮೆಯಾಯಿತೇ?" ಇಲ್ಲ, ಅಳತೆಗೋಲಿನೊಳಗೆ ಭಾಷೆ ಸೇರಿಕೊಂಡಿತು. ಇದನ್ನೇ ಸಿಂಧುತ್ವದ ಪ್ರಶ್ನೆ ಎನ್ನುತ್ತೇವೆ.

ಇದು ನಮ್ಮ ಮಕ್ಕಳಿಗೆ ದೂರದ ಮಾತಲ್ಲ. 2018ರ ಆ ನೇಮಕಾತಿಯಲ್ಲಿ ಲಿಖಿತ ಹಂತಗಳನ್ನು ಕನ್ನಡದಲ್ಲಿ ಬರೆಯಬಹುದಿತ್ತು. ಅಭಿಕ್ಷಮತಾ ಪರೀಕ್ಷೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಹಿಂದೆ ವಿ.ವಿ. ಕಾಮತ್ ಅವರು ಬಿನೆಯವರ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ, 1940ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬರೀ ಅನುವಾದ ಸಾಲದು, ಇಲ್ಲಿನ ಮಕ್ಕಳ ಮೇಲೆಯೇ ಮಾನಕ ಕಟ್ಟಬೇಕು ಎಂಬ ತಿಳಿವಳಿಕೆ ಆ ಕೆಲಸದಲ್ಲಿದೆ. ಕನ್ನಡ, ಮರಾಠಿ ಎರಡೂ ಕೇಳಿಬರುವ ನಮ್ಮ ಗಡಿಭಾಗದ ಶಿಕ್ಷಕರು ಇದನ್ನು ಮರೆಯಬಾರದು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ: ಯಾವ ಮಗುವಿನ ಅಂಕವನ್ನೂ ಗಟ್ಟಿಯಾಗಿ ಓದಬೇಡಿ. "ಮಂದ", "ಚುರುಕು" ಎಂಬ ಹಣೆಪಟ್ಟಿ ಬೇಡ. ಒಂದು ಹುದ್ದೆಗೆ ಹೊಂದಲಿಲ್ಲವೆಂದರೆ ವ್ಯಕ್ತಿ ಅನರ್ಹನೆಂದು ಅರ್ಥವಲ್ಲ. ಹಾಗೆಯೇ, ಪರೀಕ್ಷೆಯನ್ನು ಬೈದು ಕೂರುವುದರಿಂದಲೂ ಮಕ್ಕಳಿಗೆ ಪ್ರಯೋಜನವಿಲ್ಲ. ಹಿಂದಿ, ಇಂಗ್ಲಿಷಿನ ಸೂಚನಾ ವಾಕ್ಯಗಳನ್ನು ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸಕ್ಕೆ ವಾರಕ್ಕೆ ಒಂದು ಅವಧಿ ಮೀಸಲಿಡಿ.

ಮೌಲ್ಯಮಾಪನ:
1. ಸಂದರ್ಶನದಲ್ಲಿ ಕಾಣದ ಯಾವ ಗುಣಗಳನ್ನು ರೈಲ್ವೆಯ ಪರೀಕ್ಷೆ ಅಳೆಯುತ್ತದೆ?
2. ಎರಡನೆಯ ಸುತ್ತಿನಲ್ಲಿ ಅಂಕ ಇಳಿಯಲು ಕಾರಣವೇನು?

ಗೃಹಕೆಲಸ: ಬಸ್ ಚಾಲಕ, ದಾದಿ, ಅಂಗಡಿಯ ಲೆಕ್ಕಿಗ ಇವರಲ್ಲಿ ಒಬ್ಬರನ್ನು ಆರಿಸಿಕೊಂಡು, ಆ ಕೆಲಸಕ್ಕೆ ಬೇಕಾದ, ಅಂಕಪಟ್ಟಿಯಲ್ಲಿ ಕಾಣದ ಮೂರು ಗುಣಗಳನ್ನು ಬರೆಯಿರಿ.