ಹಲ್ಲು ಕಚ್ಚಿ ಸಹಿಸಬೇಡಿ, ತಂಗಿ
ಕೆಂಗೇರಿ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ತಂಗಿಯರೇ, ತಿಂಗಳ ಹೊಟ್ಟೆನೋವಿಗೆ ‘ಮದುವೆಯಾದರೆ ಸರಿಹೋಗುತ್ತೆ’ ಎನ್ನುವವರ ಮಾತು ಕೇಳಬೇಡಿ. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. ಜಗತ್ತಿನಲ್ಲಿ ಹೆರುವ ವಯಸ್ಸಿನ ಸುಮಾರು ಶೇ. 10ರಷ್ಟು ಹೆಣ್ಣುಮಕ್ಕಳಿಗೆ ಇದಿದೆ.

ಕೆಲವರಿಗೆ ಇದಕ್ಕೆ ಕೊಡುವ ಹಾರ್ಮೋನ್ ಮಾತ್ರೆ ನಾಟುವುದಿಲ್ಲ. ಅದಕ್ಕೊಂದು ಕಾರಣ ಎಪಿಜೆನೆಟಿಕ್ಸ್: ಜೀನ್‌ನ ಬರಹ ಬದಲಾಗದೆಯೇ, ಮೀಥೈಲ್ ಎಂಬ ರಾಸಾಯನಿಕ ಗುರುತು ಅದರ ಮೇಲೆ ಕೂತು, ಪ್ರೊಜೆಸ್ಟರಾನ್ ಹಾರ್ಮೋನಿಗೆ ಓಗೊಡುವ ಜೀನಿನ ಬಾಯಿ ಮುಚ್ಚಿಸುತ್ತದೆ. ತಪ್ಪು ನಿಮ್ಮದಲ್ಲ. ಆ ಗುರುತು ಅಳಿಸುವ ಔಷಧ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಅದರ ಹೆಸರಲ್ಲಿ ಯಾರೇ ಪುಡಿ, ಕಷಾಯ ಮಾರಿದರೂ ಕೊಳ್ಳಬೇಡಿ. ಬೇರೆ ಮಾತ್ರೆ, ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ ಈಗಲೇ ಇವೆ.

ನೋವಿನ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ. ಇಎಸ್‌ಐ ಕಾರ್ಡ್ ಇದ್ದರೆ ಡಿಸ್ಪೆನ್ಸರಿಯಲ್ಲಿ ಚೀಟಿ ಬರೆಸಿಕೊಂಡು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಈ ತಿಂಗಳೇ ಹೋಗಿಬನ್ನಿ.